ನಿಂತಾಗ ಚೆಂದದ ಕಾರು

ಮೊದಲ ತಲೆಮಾರಿನ ಔಡಿ ಟಿಟಿ ಬಗ್ಗೆ ಬರೆಯುವ ವಿನ್ಯಾಸ ವಿಮರ್ಶಕರು ಎರಡು ಮಾತು ತಪ್ಪದೆ ಹೇಳುತ್ತಾರೆ. ಅದು ಬೌಹೌಸ್ ವಿನ್ಯಾಸ ಪರಂಪರೆಯ ಕುಡಿ ಎಂಬುದು ಒಂದು. ಆಮೇಲೆ ಬಂದು ಕೂತ ಸ್ಪಾಯ್ಲರ್ ಅದರ ಶುದ್ಧ ರೇಖೆಯನ್ನು ಕೆಡಿಸಿತು ಎಂಬುದು ಇನ್ನೊಂದು. ಮೊದಲನೆಯದನ್ನು ಅವರಿಗೇ ಬಿಡೋಣ. ಎರಡನೆಯದನ್ನು ಮಾತ್ರ ಒಪ್ಪಲಾರೆ. ತಪ್ಪಿದ್ದದ್ದು ಆ ರೇಖೆಯಲ್ಲೇ, ಸ್ಪಾಯ್ಲರ್ ಅದರ ತಿದ್ದುಪಡಿ.

ಕಥೆ ಗೊತ್ತಿರುವುದೇ. 1995ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಂಡ ಮಾದರಿ ಹೆಚ್ಚೇನೂ ಬದಲಾಗದೆ 1998ರಲ್ಲಿ ರಸ್ತೆಗಿಳಿಯಿತು. ಗಂಟೆಗೆ 180 ಕಿ.ಮೀ. ಮೀರಿದ ವೇಗದಲ್ಲಿ ಥಟ್ಟನೆ ಲೇನ್ ಬದಲಿಸುವಾಗ, ತಿರುವು ಹಿಡಿಯುವಾಗ ಅಪಘಾತಗಳಾದವು. ಕಂಪನಿ ಕಾರುಗಳನ್ನು ವಾಪಸ್ ಕರೆಸಿಕೊಂಡು ಸಸ್ಪೆನ್ಷನ್ ತಿದ್ದಿತು, ಜಾರುವ ಕಾರನ್ನು ಬ್ರೇಕ್ ಹಿಡಿದು ಹತೋಟಿಗೆ ತರುವ ಇಎಸ್‌ಪಿ ವ್ಯವಸ್ಥೆ ಸೇರಿಸಿತು, ಸ್ಪಾಯ್ಲರ್ ಕೂರಿಸಿತು.

ಆ ಹಿಂಬದಿಯನ್ನೇ ನೋಡಿ. ಚಾವಣಿಯಿಂದ ಬಂಪರಿನವರೆಗೆ ಗಾಳಿಗೆ ಎಡವಲು ಒಂದು ಅಂಚಿಲ್ಲ. ಉಬ್ಬಿದ ಮೈಗೆ ಅಂಟಿಕೊಂಡು ಬಾಗುವ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಹಿಂದಿನ ಚಕ್ರಗಳ ಮೇಲಿನ ಭಾರ ಅಷ್ಟರಮಟ್ಟಿಗೆ ಹಗುರಾಗುತ್ತದೆ. ವೇಗ ಎರಡು ಪಟ್ಟಾದರೆ ಈ ಎತ್ತುವ ಬಲ, ಅಂದರೆ ಲಿಫ್ಟ್, ನಾಲ್ಕು ಪಟ್ಟು. ನೇರ ರಸ್ತೆಯಲ್ಲಿ ಚಾಲಕನಿಗೆ ಇದರ ಸುಳಿವೇ ಹತ್ತುವುದಿಲ್ಲ. ತಿರುವಿನಲ್ಲಿ ಹಾಗಲ್ಲ. ಅಲ್ಲಿ ಕಾರನ್ನು ಹಿಡಿದಿಡಬೇಕಾದದ್ದು ಟೈರು, ಟೈರಿಗೆ ಹಿಡಿತ ಕೊಡುವುದು ಭಾರ. ಬೆದರಿದ ಚಾಲಕ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಉಳಿದಿದ್ದ ಭಾರವೂ ಮುಂದಕ್ಕೆ ಸರಿಯುತ್ತದೆ. ಬಾಲ ಹೊರಕ್ಕೆ ಜಾರುತ್ತದೆ. ಈಗ ಗಾಳಿ ಓರೆಯಾಗಿ ಬಡಿಯುತ್ತದೆ, ಓರೆ ಗಾಳಿಯಲ್ಲಿ ಎತ್ತುವ ಬಲ ಸಾಮಾನ್ಯವಾಗಿ ಇನ್ನಷ್ಟು ಏರುತ್ತದೆ. ಸ್ಪಾಯ್ಲರ್ ಕೊಡುವಂಥ ಚೂಪು ಅಂಚಿದ್ದರೆ ಗಾಳಿ ಎಲ್ಲಿ ಮೈಬಿಡಬೇಕೆಂದು ಅದೇ ಗೊತ್ತುಮಾಡುತ್ತದೆ. ದುಂಡು ಬೆನ್ನಿನ ಮೇಲೆ ಆ ಜಾಗ ಕೋನ ಬದಲಾದಂತೆಲ್ಲ ಅಲೆಯುತ್ತದೆ. ನಮ್ಮ ವಿಮರ್ಶಕರು ಅಖಂಡ ರೇಖೆ ಎಂದು ಕೊಂಡಾಡುವುದು ಇದನ್ನೇ.

ಇಲ್ಲಿ ತಾಂತ್ರಿಕ ಬರಹಗಾರರ ಪಂಗಡವೊಂದು ಅಡ್ಡ ಬರುತ್ತದೆ. ತಿರುವಿನಲ್ಲಿ ಗಾಳಿ ಬಾಗಿ ಬರುತ್ತದೆ, ಮೂತಿಗೆ ಒಳಬದಿಯಿಂದ, ಬಾಲಕ್ಕೆ ಹೊರಬದಿಯಿಂದ. ನೇರ ಗಾಳಿಯ ವಿಂಡ್ ಟನೆಲ್‌ನಲ್ಲಿ ಇದು ಕಾಣುವುದಿಲ್ಲ, ಆದ್ದರಿಂದ ಯಾರನ್ನೂ ದೂರುವಂತಿಲ್ಲ ಎಂಬುದು ಇವರ ವಾದ. ಮೊದಲರ್ಧ ಸರಿ. ಐದು ಮೀಟರ್ ಮೀರಿದ ಉದ್ದದ ಫಾರ್ಮುಲಾ ಒನ್ ಕಾರು 60 ಮೀಟರ್ ತ್ರಿಜ್ಯದ ತಿರುವು ಸುತ್ತುವಾಗ ಮೂತಿಗೂ ಬಾಲಕ್ಕೂ ಗಾಳಿಯ ದಿಕ್ಕಿನಲ್ಲಿ ಸುಮಾರು ಐದು ಡಿಗ್ರಿ ವ್ಯತ್ಯಾಸ. ಮುಂದಿನ ರೆಕ್ಕೆ ಎಬ್ಬಿಸಿದ ಸುಳಿಗಳನ್ನು ನಂಬಿ ತಳವನ್ನು ರೂಪಿಸುವವರಿಗೆ ಅದು ನಿಜಕ್ಕೂ ತಲೆನೋವು. ಆದರೆ ಟಿಟಿಯ ಲೆಕ್ಕ ಹಾಕಿ ನೋಡಿ. 180 ಕಿ.ಮೀ. ವೇಗದಲ್ಲಿ, ಗುರುತ್ವದ ಅರ್ಧದಷ್ಟು ಅಡ್ಡ ವೇಗೋತ್ಕರ್ಷದ ತಿರುವಿನ ತ್ರಿಜ್ಯ ಸುಮಾರು 500 ಮೀಟರ್. ಕಾರಿನ ನಡುವಿನಿಂದ ಎರಡು ಮೀಟರ್ ಹಿಂದಿರುವ ಬಾಲಕ್ಕೆ ಈ ಬಾಗು ಕೊಡುವ ಕೋನ ಕಾಲು ಡಿಗ್ರಿಯೂ ಇಲ್ಲ. ತೀರಾ ಬಿಗಿಯಾದ ಹೇರ್‌ಪಿನ್ನಿನಲ್ಲಿ ಏಳೆಂಟು ಡಿಗ್ರಿ ಆದೀತು, ಆದರೆ ಅಲ್ಲಿನ ವೇಗದಲ್ಲಿ ಗಾಳಿಗೆ ಬಲವೇ ಇರುವುದಿಲ್ಲ. ಟಿಟಿಯ ಬಾಲವನ್ನು ಕಾಡಿದ್ದು ಹಿಂಬದಿಯ ಲಿಫ್ಟ್ ಮತ್ತು ಜಾರು. ಎರಡನ್ನೂ ಕಾರನ್ನು ಕೆಲವು ಡಿಗ್ರಿ ತಿರುಗಿಸಿ ನಿಲ್ಲಿಸಿದರೆ ಸಾಧಾರಣ ಟನೆಲ್ಲೇ ತೋರಿಸುತ್ತದೆ.

ಹೊಸ ಜ್ಞಾನವೂ ಬೇಕಿರಲಿಲ್ಲ. ಇಂಥದೇ ದುಂಡು ಬೆನ್ನಿನ 911ಕ್ಕೆ ಪೋರ್ಷ 1972ರಲ್ಲೇ, ಕರೇರಾ ಆರ್‌ಎಸ್ 2.7 ಮಾದರಿಯಲ್ಲಿ, ಬಾತುಕೋಳಿಯ ಬಾಲದಂಥ ತುಟಿ ಎಬ್ಬಿಸಿ ಹಿಂಬದಿಯ ಲಿಫ್ಟ್ ತಗ್ಗಿಸಿತ್ತು. ಅದನ್ನು ಇವತ್ತು ಯಾರೂ ಕಳಂಕ ಎನ್ನುವುದಿಲ್ಲ, ಅದಕ್ಕಾಗಿಯೇ ಹೆಚ್ಚು ಬೆಲೆ ತೆರುತ್ತಾರೆ. ಟಿಟಿಯನ್ನು ಸರಿಪಡಿಸಿದ್ದು ಸಸ್ಪೆನ್ಷನ್ ಮತ್ತು ಇಎಸ್‌ಪಿ, ಸ್ಪಾಯ್ಲರ್ ಅಲ್ಲ ಎಂದು ವಾದಿಸುವವರಿದ್ದಾರೆ. ಅವುಗಳ ಪಾಲು ಇದ್ದೇ ಇದೆ. ಆದರೆ ಬಾಲ ಜಾರಿದಾಗ ಮುಂದಿನ ಹೊರಬದಿಯ ಚಕ್ರದ ಬ್ರೇಕನ್ನು ಇಎಸ್‌ಪಿ ಹಿಡಿಯಬಲ್ಲದೇ ಹೊರತು ಹಿಂದಿನ ಟೈರು ಕಳೆದುಕೊಂಡ ಭಾರವನ್ನು ಮರಳಿಸಲಾರದು.

2006ರ ಎರಡನೇ ತಲೆಮಾರಿನಲ್ಲಿ ಔಡಿ ಸ್ಪಾಯ್ಲರನ್ನು ಮೈಯೊಳಗೇ ಅಡಗಿಸಿ, ವೇಗ ಏರಿದಾಗ ತಾನೇ ಮೇಲೇಳುವಂತೆ ಮಾಡಿತು. ಗಾಳಿಯ ಕೆಲಸವೂ ಆಯಿತು, ನಿಂತ ಕಾರಿನ ಫೋಟೊ ನೋಡಿ ತೀರ್ಪು ಕೊಡುವ ವಿಮರ್ಶಕರೂ ಸುಮ್ಮನಾದರು.