ಅಜ್ಜಿಯ ಬೆನ್ನು ನೋಡಿ

'ಚೀನಿ ಕಮ್' ಚಿತ್ರದಲ್ಲಿ ಅಮಿತಾಭ್ ಬಚ್ಚನ್‌ರನ್ನು ಚಿಕ್ಕ ಹುಡುಗನಂತೆ ಗದರಿಸುವ ತಾಯಿ. 'ವೀರ್ ಜಾರಾ'ದಲ್ಲಿ ತನ್ನ ಅಸ್ಥಿ ಭಾರತದ ನೀರನ್ನೇ ಸೇರಬೇಕೆಂದು ಹೇಳಿ ಕಣ್ಣುಮುಚ್ಚುವ ಬೇಬೆ. 'ದಿಲ್ ಸೇ'ಯ ಅಜ್ಜಿ, 'ಹಮ್ ದಿಲ್ ದೇ ಚುಕೇ ಸನಮ್'ನ ಅಜ್ಜಿ. ಜೊಹ್ರಾ ಸೆಹಗಲ್ ಎಂದರೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಇವಿಷ್ಟೇ: ಕೆನ್ನೆ ಉಬ್ಬಿಸಿ ನಗುವ, ಕಣ್ಣಲ್ಲೇ ತುಂಟತನ ಮಾಡುವ ಅಜ್ಜಿ. ಮುಂದಿನ ಸಲ ಈ ಚಿತ್ರಗಳಲ್ಲಿ ಯಾವುದಾದರೂ ಟಿವಿಯಲ್ಲಿ ಬಂದರೆ ಆ ಮುಖವನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ. ಬೆನ್ನು ನೋಡಿ. ತೊಂಬತ್ತೈದರ ಹೆಂಗಸು ಕುರ್ಚಿಯಲ್ಲಿ ಕೂತಿರುವ ರೀತಿ, ಮಾತಿಗೆ ಮೊದಲು ಕತ್ತು ತಿರುಗುವ ವೇಗ, ಕೈ ಎತ್ತಿದರೆ ಅದು ಭುಜದಿಂದಲ್ಲ, ನಡುವಿನಿಂದ ಹೊರಡುವುದು. ನಟನಾ ಶಾಲೆಯಲ್ಲಿ ಇದನ್ನು ಕಲಿಸುವುದಿಲ್ಲ. ಇದು ನರ್ತಕಿಯ ಮೈ.

ದೆಹಲಿಯ ಮಂಡಿ ಹೌಸ್ ಸುತ್ತಮುತ್ತ ಸಂಜೆ ನೃತ್ಯ ನೋಡುತ್ತ ಅಲೆಯುವವರಲ್ಲೂ, ಜೊಹ್ರಾ ವೃತ್ತಿಯ ಮೊದಲ ಮೂವತ್ತು ವರ್ಷ ಬದುಕಿದ್ದು ನೃತ್ಯ ಮತ್ತು ರಂಗಭೂಮಿಯಲ್ಲಿ ಎಂದರೆ 'ಹೌದಾ?' ಎನ್ನುವವರಿದ್ದಾರೆ. ಅವರ ತಪ್ಪಲ್ಲ. ಅಜ್ಜಿಯ ಪಾತ್ರಗಳು ರೀಲಿನಲ್ಲಿ ಉಳಿದವು, ಕುಣಿತ ಉಳಿಯಲಿಲ್ಲ.

ಹುಟ್ಟಿದ್ದು 1912ರ ಏಪ್ರಿಲ್ 27ರಂದು, ಸಹಾರನ್‌ಪುರದಲ್ಲಿ. ರಾಂಪುರದ ರೋಹಿಲ್ಲಾ ಪಠಾಣರ ಮನೆತನ, ಪರದೆಯ ಶಿಸ್ತು. ಲಾಹೋರಿನ ಕ್ವೀನ್ ಮೇರಿ ಕಾಲೇಜಿನ ಓದು ಮುಗಿದ ಮೇಲೆ ಮದುವೆ ಬೇಡವೆಂದರು. 1930ರಲ್ಲಿ ಸೋದರಮಾವನ ಜೊತೆ ಕಾರು ಹತ್ತಿ ಇರಾನ್, ಪ್ಯಾಲೆಸ್ಟೈನ್, ಡಮಾಸ್ಕಸ್ ದಾಟಿ, ಅಲೆಕ್ಸಾಂಡ್ರಿಯಾದಲ್ಲಿ ಹಡಗೇರಿ ಯುರೋಪ್ ಸೇರಿದರು. ಮಾವನ ಲೆಕ್ಕಾಚಾರ ಹುಡುಗಿಯನ್ನು ಬ್ರಿಟನ್ನಿನ ನಟರೊಬ್ಬರ ಬಳಿ ಕಲಿಯಲು ಬಿಡುವುದಾಗಿತ್ತು. ದಾರಿಯಲ್ಲಿ ಬಂಧುವೊಬ್ಬರು ಡ್ರೆಸ್ಡೆನ್ನಿನ ಮೇರಿ ವಿಗ್ಮನ್ ಶಾಲೆಯನ್ನೂ ಒಮ್ಮೆ ನೋಡಲಿ ಎಂದರು. ನೋಡಿದ್ದೇ ತಡ, ಅಲ್ಲಿಯೇ ಉಳಿದರು. ಆ ಶಾಲೆಗೆ ಸೇರಿದ ಮೊದಲ ಭಾರತೀಯರು ಅವರು.

ವಿಗ್ಮನ್ ಶಾಲೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಆ ಬೆನ್ನು ತಯಾರಾದದ್ದು ಅಲ್ಲಿಯೇ. ಮೊದಲ ಮಹಾಯುದ್ಧದ ನಂತರದ ಜರ್ಮನಿ. ಬ್ಯಾಲೆಯ ಸೌಂದರ್ಯ, ತುದಿಗಾಲಿನ ಹಾರಾಟ ಎಲ್ಲವನ್ನೂ ವಿಗ್ಮನ್ ಬದಿಗೆ ತಳ್ಳಿದ್ದರು. ಬರಿಗಾಲು. ಎಷ್ಟೋ ಬಾರಿ ಸಂಗೀತವೂ ಇಲ್ಲ. ಇದ್ದರೆ ಒಂದು ಗಾಂಗ್, ಒಂದು ತಮಟೆ. ಸ್ನಾಯುವನ್ನು ಬಿಗಿಯುವುದು, ಸಡಿಲಿಸುವುದು, ಈ ಎರಡರ ನಡುವೆಯೇ ಇಡೀ ನೃತ್ಯ. ಮುಖಕ್ಕೆ ಮುಖವಾಡ ಹಾಕಿ ಮೈಯಿಂದಲೇ ಭಯ, ಹಸಿವು, ಸಾವು ಎಲ್ಲವನ್ನೂ ಹೇಳಿಸುತ್ತಿದ್ದರು. ಭರತನಾಟ್ಯದ ಕಣ್ಣು ಮತ್ತು ಹುಬ್ಬಿಗೆ ಒಗ್ಗಿದ ನಮಗೆ ಇದು ತೀರಾ ಒರಟು ಎನಿಸಬಹುದು. ನನಗೂ ವಿಗ್ಮನ್‌ರ ಹಳೆಯ ಚಿತ್ರಣಗಳು ಒಮ್ಮೊಮ್ಮೆ ಅತಿ ಗಂಭೀರ ಎನಿಸುತ್ತವೆ. ಆದರೆ ಮುಖವನ್ನು ಮುಚ್ಚಿ ಮೂರು ವರ್ಷ ಮೈಯನ್ನು ದುಡಿಸಿದವರಿಗೆ ಮುಂದೆ ಮುಖ ಬಳಸುವ ಅವಕಾಶ ಸಿಕ್ಕಾಗ ಎಷ್ಟು ಬಳಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿರುತ್ತದೆ. ಜೊಹ್ರಾ ಒಂದು ಹುಬ್ಬಿನಲ್ಲಿ ಕೆಲಸ ಮುಗಿಸುತ್ತಿದ್ದುದರ ಗುಟ್ಟು ಇದೇ ಎಂದು ನನ್ನ ನಂಬಿಕೆ.

ಯುರೋಪಿನಲ್ಲಿದ್ದಾಗಲೇ ಉದಯ್ ಶಂಕರ್ ತಂಡದ 'ಶಿವ ಪಾರ್ವತಿ' ನೋಡಿ, ತೆರೆಯ ಹಿಂದೆ ಹೋಗಿ ಮಾತಾಡಿಸಿದ್ದರು. ಭಾರತಕ್ಕೆ ಬಂದಾಗ ಕೆಲಸ ಕೊಡುತ್ತೇನೆ ಎಂದಿದ್ದರು ಶಂಕರ್. 1935ರಲ್ಲಿ ತಂತಿ ಬಂತು: ಜಪಾನಿಗೆ ಹೊರಟಿದ್ದೇವೆ, ಕೂಡಲೇ ಬರಲು ಸಾಧ್ಯವೇ? ಆಗಸ್ಟ್ 8ರಂದು ತಂಡ ಸೇರಿದರು. ಫ್ರೆಂಚ್ ನರ್ತಕಿ ಸಿಮ್ಕಿ ಜೊತೆ ತಂಡದ ಪ್ರಮುಖ ನರ್ತಕಿಯಾಗಿ ಜಪಾನ್, ಈಜಿಪ್ಟ್, ಯುರೋಪ್, ಅಮೆರಿಕ ಸುತ್ತಿದರು. ಮುಂದೆ ಸಿತಾರಿಗೆ ಹೆಸರಾದ ರವಿ ಶಂಕರ್ ಆಗ ಅದೇ ತಂಡದಲ್ಲಿ ಕುಣಿಯುತ್ತಿದ್ದ ಹುಡುಗ.

ಇಲ್ಲಿ ಒಂದು ಉಪಕಥೆ. ಅಮೆರಿಕದಲ್ಲಿ ಉದಯ್ ಶಂಕರ್ ತಂಡಕ್ಕೆ ವೇದಿಕೆ ಒದಗಿಸುತ್ತಿದ್ದವರು ಸಾಲ್ ಹ್ಯೂರಾಕ್ ಎಂಬ ವ್ಯವಸ್ಥಾಪಕ. ವಿಗ್ಮನ್‌ರನ್ನು ಅಮೆರಿಕಕ್ಕೆ ಕರೆಸಿದ್ದೂ ಇದೇ ಮನುಷ್ಯ. ಕೆಲವು ವರ್ಷಗಳ ನಂತರ ಕ್ಯಾಥರೀನ್ ಡನ್‌ಹ್ಯಾಮ್ ಎಂಬ ಆಫ್ರಿಕನ್ ಅಮೆರಿಕನ್ ನರ್ತಕಿಯನ್ನು ಊರೂರು ಸುತ್ತಿಸಿದ್ದೂ ಇವರೇ. ಡನ್‌ಹ್ಯಾಮ್ ಜೊಹ್ರಾಗಿಂತ ಮೂರು ವರ್ಷ ಹಿರಿಯರು. ಜೊಹ್ರಾ ಜಪಾನಿಗೆ ಹೊರಟ 1935ರಲ್ಲೇ ಡನ್‌ಹ್ಯಾಮ್ ಮಾನವಶಾಸ್ತ್ರದ ವಿದ್ಯಾರ್ಥಿವೇತನ ಹಿಡಿದು ಜಮೈಕಾ, ಹೈಟಿ ಕಡೆಗೆ ಹೊರಟಿದ್ದರು. ಅಲ್ಲಿಯ ಕರಿಯರ ಕುಣಿತವನ್ನು ಕಲಿತು, ಬ್ಯಾಲೆಯೊಡನೆ ಬೆಸೆದು, ತಮ್ಮದೇ ಒಂದು ಪದ್ಧತಿ ಕಟ್ಟಿದರು. 'ಕ್ಯಾಬಿನ್ ಇನ್ ದ ಸ್ಕೈ' ನಾಟಕದಲ್ಲಿ, 'ಸ್ಟಾರ್ಮಿ ವೆದರ್' ಚಿತ್ರದಲ್ಲಿ ಕಾಣಿಸಿಕೊಂಡರು. 1992ರಲ್ಲಿ, 82ರ ವಯಸ್ಸಿನಲ್ಲಿ, ಹೈಟಿಯ ನಿರಾಶ್ರಿತರಿಗಾಗಿ 47 ದಿನ ಉಪವಾಸ ಕೂತರು. ನರ್ತಕಿ, ನಟಿ, ನೃತ್ಯ ಸಂಯೋಜಕಿ ಮೂರೂ ಆಗಿ, ತೊಂಬತ್ತು ದಾಟಿ ಬದುಕಿದವರು ಇಬ್ಬರೂ. ಒಂದು ವ್ಯತ್ಯಾಸವಿದೆ. ಡನ್‌ಹ್ಯಾಮ್ ಹೆಸರಿನ ಪದ್ಧತಿಯನ್ನು ಅಮೆರಿಕದಲ್ಲಿ ಇಂದಿಗೂ ಕಲಿಸುತ್ತಾರೆ. ಜೊಹ್ರಾ ಕಲಿಸಿದ್ದನ್ನು ನಾವು ಬೇರೆಯವರ ಮೈಯಲ್ಲಿ ಹುಡುಕಬೇಕು.

ಹುಡುಕಿದರೆ ಮೊದಲು ಸಿಗುವವನು ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಹುಡುಗ.

1940ರಲ್ಲಿ ಜೊಹ್ರಾ ಅಲ್ಮೋರಾದ ಉದಯ್ ಶಂಕರ್ ಸಂಸ್ಕೃತಿ ಕೇಂದ್ರದಲ್ಲಿ ಶಿಕ್ಷಕಿಯಾದರು. ಹಿಮಾಲಯದ ಮಡಿಲಿನ ಆ ಕೇಂದ್ರದಲ್ಲಿ ಶಂಕರನ್ ನಂಬೂದಿರಿ ಕಥಕಳಿ, ಕಂದಪ್ಪ ಪಿಳ್ಳೈ ಭರತನಾಟ್ಯ, ಅಮೋಬಿ ಸಿಂಗ್ ಮಣಿಪುರಿ ಕಲಿಸುತ್ತಿದ್ದರು. ಅಲ್ಲಾವುದ್ದೀನ್ ಖಾನ್ ಸಂಗೀತಕ್ಕೆ. ಇವರೆಲ್ಲರ ನಡುವೆ ವಿದ್ಯಾರ್ಥಿಗಳಿಗೆ ನಡೆಯುವುದು, ನಿಲ್ಲುವುದು, ಗಮನಿಸುವುದು, ಕಲ್ಪಿಸಿಕೊಳ್ಳುವುದು ಇವನ್ನೂ ಪಾಠವಾಗಿ ಹೇಳಿಕೊಡುತ್ತಿದ್ದರು. ಆ ವಿದ್ಯಾರ್ಥಿಗಳಲ್ಲಿ ಒಬ್ಬ ಗುರುದತ್. 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದ ಹುಡುಗ. ಮುಂದೆ, 1951ರಲ್ಲಿ, ಅದೇ ಹುಡುಗ ಮೊದಲ ಚಿತ್ರ 'ಬಾಜಿ' ನಿರ್ದೇಶಿಸಿದಾಗ ನೃತ್ಯ ಸಂಯೋಜನೆಗೆ ಕರೆದದ್ದು ಅಲ್ಮೋರಾದ ಟೀಚರನ್ನು.

'ಬಾಜಿ'ಯಲ್ಲಿ ಗೀತಾ ಬಾಲಿ ಗಿಟಾರ್ ಹಿಡಿದು ದೇವ್ ಆನಂದ್‌ಗಾಗಿ ಹಾಡುವ ಜೂಜುಕಟ್ಟೆಯ ದೃಶ್ಯವಿದೆ. ಕುಣಿತ ಅನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ತಲೆ ವಾಲಿಸುವುದು, ಭುಜ ಕುಣಿಸುವುದು, ಕಣ್ಣು ಮೇಜಿನಿಂದ ಮುಖಕ್ಕೆ ಹೋಗುವುದು, ಇಷ್ಟೇ. ಹಾಡಿನ ಲಯ ಮಾತ್ರ ಒಂದು ಕ್ಷಣವೂ ಮೈ ಬಿಡುವುದಿಲ್ಲ. ಕುಣಿಸದೆ ಕುಣಿತ ತೋರಿಸುವುದು ಹಿಂದಿ ಚಿತ್ರರಂಗಕ್ಕೆ ಆಗ ಅಷ್ಟಾಗಿ ಗೊತ್ತಿರಲಿಲ್ಲ. ಗುರುದತ್ ಹಾಡುಗಳನ್ನು ಚಿತ್ರಿಸಿದ ರೀತಿಯನ್ನು ಹೊಗಳುವವರು ಕ್ಯಾಮೆರಾಮನ್ ವಿ. ಕೆ. ಮೂರ್ತಿಯವರ ಹೆಸರು ಹೇಳುತ್ತಾರೆ. ಮೈಸೂರಿನ ಮೂರ್ತಿಯವರಿಗೆ ಆ ಹೊಗಳಿಕೆ ಸಲ್ಲಲೇಬೇಕು. ಆದರೆ ನಟರ ನಡಿಗೆಯನ್ನೂ ಹಾಡಿನ ಭಾಗವಾಗಿಸುವ ಆ ಕಣ್ಣು ಅಲ್ಮೋರಾದ್ದು. ಇದರಲ್ಲಿ ನನಗೆ ಅನುಮಾನವಿಲ್ಲ.

ಅಲ್ಮೋರಾದಲ್ಲೇ ಜೊಹ್ರಾಗೆ ಕಾಮೇಶ್ವರ್ ಸೆಹಗಲ್ ಸಿಕ್ಕಿದ್ದು. ಇಂದೋರಿನವರು, ಚಿತ್ರಕಾರ, ನರ್ತಕ, ಜೊಹ್ರಾಗಿಂತ ಎಂಟು ವರ್ಷ ಚಿಕ್ಕವರು. 1942ರ ಆಗಸ್ಟ್ 14ರಂದು ಮದುವೆ. ಆರತಕ್ಷತೆಗೆ ನೆಹರೂ ಬರಬೇಕಿತ್ತು, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಕೆಲವೇ ದಿನಗಳ ಹಿಂದೆ ಬಂಧನವಾಗಿತ್ತು. ಅಲ್ಮೋರಾ ಕೇಂದ್ರ ಮುಚ್ಚಿತು. ದಂಪತಿ ಲಾಹೋರಿನಲ್ಲಿ 'ಜೊರೇಶ್' ಎಂಬ ನೃತ್ಯಶಾಲೆ ತೆರೆದರು. ಕೋಮು ಬಿಗುವು ಏರಿದಾಗ ಅದನ್ನೂ ಬಿಟ್ಟು 1945ರಲ್ಲಿ ಮುಂಬೈ ಸೇರಿದರು.

ಮುಂಬೈಯಲ್ಲಿ ಪೃಥ್ವಿ ಥಿಯೇಟರ್. ತಿಂಗಳಿಗೆ 400 ರೂಪಾಯಿ ಸಂಬಳ. ತಂಗಿ ಉಜ್ರಾ ಅಲ್ಲಿ ಆಗಲೇ ನಾಯಕಿ, ಅಕ್ಕ ಚಿಕ್ಕಪುಟ್ಟ ಪಾತ್ರಗಳಿಂದ ಶುರುಮಾಡಬೇಕಾಯಿತು. ದೇಶ ವಿದೇಶಗಳ ದೊಡ್ಡ ರಂಗಮಂದಿರಗಳಲ್ಲಿ ಕುಣಿದವರು ಪೃಥ್ವಿರಾಜ್ ಕಪೂರ್ ತಂಡದ ಜೊತೆ ಹದಿನಾಲ್ಕು ವರ್ಷ ರೈಲಿನಲ್ಲಿ ಊರೂರು ಅಲೆದರು. ನಾಟಕ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಜೋಳಿಗೆ ಹಿಡಿಯುತ್ತಿದ್ದ ಯಜಮಾನರ ತಂಡವದು. ಈ ನಡುವೆ 1946ರಲ್ಲಿ ಎರಡು ಚಿತ್ರಗಳು: ಕೆ. ಎ. ಅಬ್ಬಾಸ್‌ರ 'ಧರ್ತಿ ಕೇ ಲಾಲ್', ಚೇತನ್ ಆನಂದ್‌ರ 'ನೀಚಾ ನಗರ್'. ಎರಡನೆಯದಕ್ಕೆ ಕಾನ್ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಬಂತು. ಎರಡಕ್ಕೂ ಸಂಗೀತ ಹಳೆಯ ತಂಡದ ಗೆಳೆಯ ರವಿ ಶಂಕರ್‌ದು.

1959ರಲ್ಲಿ ಕಾಮೇಶ್ವರ್ ತೀರಿಕೊಂಡರು. ಜೊಹ್ರಾ ಇಬ್ಬರು ಮಕ್ಕಳೊಡನೆ ದೆಹಲಿಗೆ ಬಂದು, ಹೊಸದಾಗಿ ಆರಂಭವಾಗಿದ್ದ ನಾಟ್ಯ ಅಕಾಡೆಮಿಯ ನಿರ್ದೇಶಕಿಯಾದರು.

ಆ ಹೊತ್ತಿನ ದೆಹಲಿ ನೃತ್ಯದ ದೃಷ್ಟಿಯಿಂದ ಬಹಳ ಸ್ವಾರಸ್ಯದ ಊರು. ಅಲ್ಮೋರಾದಲ್ಲಿ ಕಲಿತ ಸುಂದರಿ ಶ್ರೀಧರಾಣಿ 1950ರಲ್ಲಿ ತ್ರಿವೇಣಿ ಕಲಾ ಸಂಗಮ ಆರಂಭಿಸಿದ್ದರು, ಜೋಸೆಫ್ ಸ್ಟೈನ್ ವಿನ್ಯಾಸದ ಅದರ ಕಟ್ಟಡ ತಾನ್ಸೇನ್ ಮಾರ್ಗದಲ್ಲಿ ಮೇಲೇಳುವುದರಲ್ಲಿತ್ತು. ಅಲ್ಮೋರಾದ್ದೇ ಇನ್ನೊಬ್ಬ ವಿದ್ಯಾರ್ಥಿ ನರೇಂದ್ರ ಶರ್ಮ ಭಾರತೀಯ ಕಲಾ ಕೇಂದ್ರದ ರಾಮಲೀಲೆಗೆ 1957ರಲ್ಲಿ ನೃತ್ಯ ಸಂಯೋಜಿಸಿದ್ದರು. ಅದೇ ಕಲಾ ಕೇಂದ್ರದಲ್ಲಿ ಶಂಭು ಮಹಾರಾಜರ ಬಳಿ ಕಥಕ್ ಕಲಿತಿದ್ದರು ನಮ್ಮ ಮಲ್ಲೇಶ್ವರದ ಮಾಯಾ ರಾವ್. ಅಲ್ಲಿಂದ ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನೇ ಶಾಸ್ತ್ರವಾಗಿ ಓದಿ, 1964ರಲ್ಲಿ ಮರಳಿ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಒತ್ತಾಸೆಯಿಂದ ದೆಹಲಿಯಲ್ಲೇ ಸಂಯೋಜನೆಯ ಶಾಲೆ ತೆರೆದರು. ನೃತ್ಯ ಸಂಯೋಜನೆಯೂ ಕಲಿಸಬಹುದಾದ ವಿದ್ಯೆ ಎಂದು ಈ ದೇಶದಲ್ಲಿ ಮೊದಲು ಗಟ್ಟಿಯಾಗಿ ಹೇಳಿದ ಶಾಲೆ ಅದು. 1987ರಲ್ಲಿ ಅದು ಬೆಂಗಳೂರಿಗೆ ಬಂತು.

ಜೊಹ್ರಾ ಮಾತ್ರ ಇಲ್ಲಿ ನಿಲ್ಲಲಿಲ್ಲ. 1962ರಲ್ಲಿ ನಾಟಕದ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ಹೋದರು. ಐವತ್ತನೆಯ ವಯಸ್ಸಿನಲ್ಲಿ ವಿದ್ಯಾರ್ಥಿ! ಅಲ್ಲಿಯೂ ಎದುರಾದವರು ಬೆಂಗಳೂರಿನವರೇ. ಚೆಲ್ಸಿಯಲ್ಲಿ ನೃತ್ಯಶಾಲೆ ತೆರೆದಿದ್ದ ರಾಮ್ ಗೋಪಾಲ್. ಅವರ ಶಾಲೆಯಲ್ಲಿ 1963ರಿಂದ ಜೊಹ್ರಾ ಉದಯ್ ಶಂಕರ್ ಶೈಲಿ ಕಲಿಸಿದರು. ಶಾಲೆ ಬಹಳ ದಿನ ಬಾಳಲಿಲ್ಲ. ಬಿಬಿಸಿಯಲ್ಲಿ ಸಣ್ಣ ಪಾತ್ರಗಳು, 'ಪಡೋಸಿ' ಸರಣಿಯ ನಿರೂಪಣೆ, 1984ರಲ್ಲಿ 'ದ ಜ್ಯುವೆಲ್ ಇನ್ ದ ಕ್ರೌನ್'ನ ಲೇಡಿ ಚಟರ್ಜಿ. ಎಪ್ಪತ್ತು ದಾಟಿದ ಮೇಲೆ ಹೆಸರು ಬಂತು. 1993ರಲ್ಲಿ, ಪಾಕಿಸ್ತಾನಕ್ಕೆ ಹೋಗಿ ನೆಲೆಸಿದ್ದ ಉಜ್ರಾ ಜೊತೆ ಲಾಹೋರಿನಲ್ಲಿ 'ಏಕ್ ಥೀ ನಾನಿ' ನಾಟಕ ಆಡಿದರು.

ಮತ್ತೆ ದೆಹಲಿ. ಇಲ್ಲಿ ಒಡಿಸ್ಸಿ ನರ್ತಕಿಯಾಗಿರುವ ಮಗಳು ಕಿರಣ್ ಸೆಹಗಲ್ ಜೊತೆ ವಾಸ. ತೊಂಬತ್ತರ ನಂತರವೂ ದಿನವೂ ವ್ಯಾಯಾಮ. ವೇದಿಕೆಯಲ್ಲಿ ಉರ್ದು ಕವಿತೆಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರು, ಹಫೀಜ್ ಜಲಂಧರಿಯವರ ಯೌವನದ ನಜ್ಮ್ ಹೇಳದೆ ಜನ ಏಳಲು ಬಿಡುತ್ತಿರಲಿಲ್ಲ. 2010ರಲ್ಲಿ ಪದ್ಮವಿಭೂಷಣ. ಚಿತ್ರರಂಗ ಕೊಟ್ಟದ್ದು ಅಜ್ಜಿಯ ಪಾತ್ರಗಳನ್ನೇ, ಅವುಗಳಲ್ಲಿ ಬಹುಪಾಲು ಐದು ನಿಮಿಷದವು. ಇಂಥ ಮೈಯನ್ನು ಸೋಫಾದಲ್ಲಿ ಕೂರಿಸಿ ಹಾಸ್ಯದ ಮಾತು ಆಡಿಸಿದ್ದು ನಮ್ಮ ನಿರ್ದೇಶಕರ ಸೋಮಾರಿತನ, ಬೇರೇನೂ ಅಲ್ಲ.

2014ರ ಜುಲೈ 10ರಂದು, 102ರ ವಯಸ್ಸಿನಲ್ಲಿ, ದೆಹಲಿಯಲ್ಲೇ ತೀರಿಕೊಂಡರು. ಲೋಧಿ ರಸ್ತೆಯಲ್ಲಿ ದಹನ. ಯಾವ ವಿಧಿಯೂ ಬೇಡ, ಬೂದಿ ಉಳಿದರೆ ಶೌಚಾಲಯಕ್ಕೆ ಸುರಿದು ನೀರು ಬಿಡಿ ಎಂದು ಮೊದಲೇ ಹೇಳಿದ್ದರು. 'ವೀರ್ ಜಾರಾ'ದ ಬೇಬೆಯ ಪಾತ್ರವನ್ನು ಆಡಿದವರ ಮಾತು ಇದು! ಎರಡು ತಿಂಗಳು ಕಳೆಯುವ ಮೊದಲೇ ಬೆಂಗಳೂರಿನಲ್ಲಿ ಮಾಯಾ ರಾವ್ ಕೂಡ ಹೋದರು. ಪತ್ರಿಕೆಗಳಲ್ಲಿ ಒಬ್ಬರು ಬಾಲಿವುಡ್ಡಿನ ಅಜ್ಜಿಯಾದರು, ಇನ್ನೊಬ್ಬರು ಕಥಕ್ ಗುರುವಾದರು. ಇಬ್ಬರೂ ನೃತ್ಯ ಸಂಯೋಜಕರೆಂಬ ಮಾತು ಎರಡನೆಯ ಪ್ಯಾರಾಕ್ಕೆ ಹೋಯಿತು.

ಅಲ್ಮೋರಾ ಹೇಗಿತ್ತೆಂದು ಊಹಿಸಬೇಕಾದರೆ ಉದಯ್ ಶಂಕರ್‌ರ 1948ರ ಚಿತ್ರ 'ಕಲ್ಪನಾ' ಇದೆ, ಅದರಲ್ಲಿ ಜೊಹ್ರಾ ಇಲ್ಲ. ಉಳಿದದ್ದೆಲ್ಲ ಚದುರಿದ ಫೋಟೊಗಳು, ಕಾರ್ಯಕ್ರಮದ ಕರಪತ್ರಗಳು. ಐವತ್ತು ಅರವತ್ತರ ದಶಕದಲ್ಲಿ ದೆಹಲಿಯಲ್ಲಿ ನೌಕರಿಯಲ್ಲಿದ್ದ ಕನ್ನಡದ ಕುಟುಂಬಗಳು ಬಹಳ. ಮಾಯಾ ರಾವ್ ಅವರ ಶಾಲೆಗೆ ಮಕ್ಕಳನ್ನು ಕಳಿಸಿದವರು, ಪೃಥ್ವಿ ನಾಟಕಕ್ಕೆ ಟಿಕೆಟ್ ಕೊಂಡವರು ಅವರಲ್ಲಿ ಇದ್ದೇ ಇರಬೇಕು. ಮನೆ ಖಾಲಿ ಮಾಡುವಾಗ, ಅಟ್ಟ ಇಳಿಸುವಾಗ ಅಂಥ ಒಂದು ಕರಪತ್ರವೋ ಫೋಟೊವೋ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹಿಂದೆ ಇಸವಿ, ಊರು, ಗುರುತಾದವರ ಹೆಸರು ಪೆನ್ಸಿಲಿನಲ್ಲಿ ಬರೆದು, ಮಂಡಿ ಹೌಸ್ ಪಕ್ಕದ ರವೀಂದ್ರ ಭವನದಲ್ಲಿರುವ ಸಂಗೀತ ನಾಟಕ ಅಕಾಡೆಮಿಯ ಸಂಗ್ರಹಕ್ಕೆ ತಲುಪಿಸಿ.