ಸರ್ಕಾರಿ ವಕೀಲರ ಆನ್‌ಲೈನ್ ಶಿಕ್ಷಣ: ಹೊಳಲಿನ ಕಡೆಯಿಂದ ಒಂದು ವಿಮರ್ಶೆ

ಸರ್ಕಾರದ ಪರವಾಗಿ ನ್ಯಾಯಾಲಯದಲ್ಲಿ ಎದ್ದು ನಿಲ್ಲುವವರು ನಮ್ಮ ತಾಲ್ಲೂಕುಗಳಲ್ಲಿ ಎರಡು ಬಗೆಯವರು. ಕ್ರಿಮಿನಲ್ ಮೊಕದ್ದಮೆಗಳನ್ನು ನಡೆಸುವ ಸಹಾಯಕ ಸರ್ಕಾರಿ ಅಭಿಯೋಜಕರು ಇಲಾಖೆಯ ಕಾಯಂ ಅಧಿಕಾರಿಗಳು. ಸಿವಿಲ್ ದಾವೆಗಳಲ್ಲಿ ಸರ್ಕಾರವನ್ನು ಪ್ರತಿನಿಧಿಸುವ ಪ್ಲೀಡರುಗಳಾದರೋ ಖಾಸಗಿ ವೃತ್ತಿಯಿಂದ ಆಯ್ದು ನಿಯತ ಅವಧಿಗೆ ನೇಮಿಸಲ್ಪಟ್ಟವರು. ಇತ್ತೀಚಿನ ವರ್ಷಗಳಲ್ಲಿ ಈ ಉಭಯರಿಗೂ ಅಂತರ್ಜಾಲದ ಮೂಲಕ ವೃತ್ತಿಶಿಕ್ಷಣ ನೀಡುವ, ವ್ಯಾಜ್ಯನೀತಿಯನ್ನು ಕುರಿತ ಚರ್ಚೆಗಳನ್ನು ಅವರಿಗೆ ಕೇಳಿಸುವ ಪದ್ಧತಿ ಬೆಳೆದಿದೆ. ಈ ಶಿಕ್ಷಣ ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಂಥ ಊರಿಗೆ ಎಷ್ಟರಮಟ್ಟಿಗೆ ತಲುಪುತ್ತದೆಂಬುದನ್ನು ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಗುಣವನ್ನೇ ಹೇಳುವುದು ನ್ಯಾಯ. ಹಡಗಲಿಯಿಂದ ಬೆಂಗಳೂರು ಸುಮಾರು ಮುನ್ನೂರು ಕಿಲೋಮೀಟರು ದೂರ. ಒಂದು ದಿನದ ಉಪನ್ಯಾಸಕ್ಕೆಂದು ಅಭಿಯೋಜಕರೊಬ್ಬರು ಅಲ್ಲಿಗೆ ಹೊರಟರೆ ಇಲ್ಲಿ ಮೂರು ದಿನದ ಸಾಕ್ಷಿಗಳು ಹಿಂದಿರುಗಿ ಹೋಗಬೇಕಾಗುತ್ತದೆ. ಕುಳಿತಲ್ಲಿಯೇ ಕೇಳುವ, ತಿಳಿಯದಿದ್ದರೆ ಮತ್ತೊಮ್ಮೆ ಕೇಳುವ ಅನುಕೂಲವನ್ನು ಲಘುವಾಗಿ ಕಾಣಲಾಗದು. 2024ರ ಜುಲೈ 1ರಂದು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಾಗ ಒಂದೂವರೆ ಶತಮಾನದ ಕಲಮುಗಳ ಸಂಖ್ಯೆಯೇ ಬದಲಾಯಿತು. ಅಂಥ ಸಮಯದಲ್ಲಿ ಕೇಂದ್ರದ ‘ಐಗಾಟ್ ಕರ್ಮಯೋಗಿ’ ವೇದಿಕೆಯ ಪಾಠಗಳಿಲ್ಲದೆ ಅಷ್ಟು ಜನರಿಗೆ ಅಷ್ಟು ಬೇಗ ವಿಷಯ ಮುಟ್ಟಿಸುವುದು ಅಸಾಧ್ಯವೇ ಆಗುತ್ತಿತ್ತು.

ಆದರೆ ಮುಟ್ಟಿದ ವಿಷಯ ಯಾವ ಭಾಷೆಯಲ್ಲಿತ್ತು? ಅದೇ ಜೂನ್ ತಿಂಗಳಲ್ಲಿ ಕೇಂದ್ರ ಸಚಿವಾಲಯಗಳು ಹಳ್ಳಿಮಟ್ಟದ ಕಾರ್ಯಕರ್ತರಿಗೆಂದು ಏರ್ಪಡಿಸಿದ ಎರಡು ಬೃಹತ್ ಆನ್‌ಲೈನ್ ಸಭೆಗಳಲ್ಲಿ ಒಂದು ಹಿಂದಿಯಲ್ಲಿಯೂ ಇನ್ನೊಂದು ಇಂಗ್ಲಿಷಿನಲ್ಲಿಯೂ ನಡೆದುವು. ಅವು ವಕೀಲರಿಗಾಗಿ ನಡೆದವಲ್ಲ, ನಿಜ. ಆದರೆ ಯೋಜಕರ ಮನೋಧರ್ಮವನ್ನು ತೋರಿಸಲು ಆ ನಿದರ್ಶನ ಸಾಕು. ವಕೀಲರು ಇಂಗ್ಲಿಷ್ ಬಲ್ಲವರು, ಅವರಿಗೇನು ತೊಡಕು ಎಂದು ಕೇಳಬಹುದು. ತೊಡಕು ತಿಳಿವಳಿಕೆಯಲ್ಲಿಲ್ಲ, ಪ್ರಯೋಗದಲ್ಲಿದೆ. ಸಂವಿಧಾನದ 348ನೆಯ ಅನುಚ್ಛೇದದಂತೆ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷ್. ಹಡಗಲಿಯ ನ್ಯಾಯಾಲಯದಲ್ಲಿಯಾದರೋ ಮಹಜರು ಕನ್ನಡದಲ್ಲಿ, ಸಾಕ್ಷ್ಯ ಕನ್ನಡದಲ್ಲಿ, ಪಾಟೀಸವಾಲು ಹೊಳಲಿನ ಆಡುಮಾತಿನಲ್ಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯೊಡನೆ ಎರಡು ಭಾಗಗಳ ಪ್ರಮಾಣಪತ್ರವನ್ನು ಬೇಡುತ್ತದೆ. ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಎರಡರಲ್ಲಿಯೂ ದಾಖಲೆಯ ‘ಹ್ಯಾಶ್’ ಮೌಲ್ಯವನ್ನು ಕಾಣಿಸಬೇಕು. ಉಪನ್ಯಾಸವನ್ನು ಕೇಳಿದ ಅಭಿಯೋಜಕರು ಇದನ್ನು ಅರಿತರು ಎಂದಿಟ್ಟುಕೊಳ್ಳೋಣ. ಅಂಗಡಿಯ ಕ್ಯಾಮರಾದ ಚಿತ್ರವನ್ನು ಕೊಟ್ಟ ವರ್ತಕನಿಗೆ, ಅದನ್ನು ನಕಲು ಮಾಡಿಕೊಂಡ ಪೇದೆಗೆ, ಇದನ್ನು ಯಾವ ಮಾತಿನಲ್ಲಿ ತಿಳಿಸಬೇಕು? ಈ ಕೊನೆಯ ಹೆಜ್ಜೆಯನ್ನು ಉಪನ್ಯಾಸವು ಕೇಳಿದವರ ತಲೆಗೇ ಬಿಟ್ಟಿರುತ್ತದೆ.

ಸಿವಿಲ್ ಪಕ್ಷದಲ್ಲಿ ಕೊರತೆ ಇನ್ನೂ ಆಳವಾದುದು. ಈ ಭಾಗವು 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯಕ್ಕೆ ಸೇರಿತ್ತು. ಮೈಸೂರಿನವರು ಗೋಮಾಳವೆಂದೂ ಧಾರವಾಡದವರು ಗಾಯರಾಣವೆಂದೂ ಕರೆಯುವ ಬಗೆಯ ಸರ್ಕಾರಿ ನೆಲವನ್ನು ಮದರಾಸಿನ ಹಳೆಯ ಕಾಗದಪತ್ರಗಳು ಪೊರಂಬೋಕು ಎಂಬ ವಿಶಾಲವಾದ ಹೆಸರಿನೊಳಗೆ ಅಡಗಿಸುತ್ತವೆ. 1964ರ ಭೂಕಂದಾಯ ಅಧಿನಿಯಮವು ರಾಜ್ಯಕ್ಕೆಲ್ಲ ಒಂದೇ ಕಾನೂನನ್ನು ಕೊಟ್ಟಿತು. ಹಳೆಯ ದಾಖಲೆಗಳನ್ನು ಒಂದೇ ಮಾಡಲು ಯಾವ ಅಧಿನಿಯಮಕ್ಕೂ ಸಾಧ್ಯವಿಲ್ಲ. ಹೊಳಲಿನ ರೈತನೊಬ್ಬನು ತನ್ನ ಹೊಲದ ಬದುವಿನ ವಿಷಯವಾಗಿ ಸರ್ಕಾರದ ಮೇಲೆ ದಾವೆ ಹೂಡಿದನೆಂದು ಭಾವಿಸೋಣ. ಆಗ ಪ್ಲೀಡರಿಗೆ ಬೇಕಾದುದು ಆ ಹಳೆಯ ಸೆಟಲ್‌ಮೆಂಟ್ ದಾಖಲೆಯನ್ನು ಇಂದಿನ ಪಹಣಿಯೊಡನೆ ಹೊಂದಿಸಿ ಓದುವ ವಿದ್ಯೆ. ಇಡೀ ರಾಜ್ಯವನ್ನು ಒಂದೇ ತರಗತಿಯೆಂದು ಬಗೆದ ಪಾಠದಲ್ಲಿ ಇದಕ್ಕೆ ಎಡೆಯಿರುವುದು ಕಷ್ಟ.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನ ಪ್ರಕಾರ, ತುರ್ತು ಪರಿಹಾರದ ಸಂದರ್ಭವನ್ನುಳಿದು, ದಾವೆಗೆ ಮೊದಲು ಸರ್ಕಾರಕ್ಕೆ ಎರಡು ತಿಂಗಳ ನೋಟೀಸು ಸಲ್ಲಬೇಕು. ರೈತನ ಬೇಡಿಕೆ ನ್ಯಾಯವಾಗಿದ್ದರೆ ಒಪ್ಪಿಬಿಡಲೆಂದು ಸರ್ಕಾರಕ್ಕೆ ಕೊಟ್ಟ ವ್ಯವಧಾನವದು. ನೋಟೀಸು ತಲುಪುವುದು ಕಚೇರಿಗೆ. ಪ್ಲೀಡರ ಕೈಗೆ ಕಡತ ಬರುವುದು ಸಾಮಾನ್ಯವಾಗಿ ದಾವೆ ದಾಖಲಾದ ಮೇಲೆ. ಆಮೇಲೆ ಕಂಡಿಕೆವಾರು ಷರಾಕ್ಕಾಗಿ ತಹಶೀಲ್ದಾರರ ಕಚೇರಿಗೆ ಪತ್ರ, ನೆನಪೋಲೆ, ಮತ್ತೊಂದು ನೆನಪೋಲೆ. ಸರ್ಕಾರಿ ಕಚೇರಿಯ ಕಡತ ನಿಧಾನವಾಗಿ ಚಲಿಸುತ್ತದೆಂಬ ಕಾರಣವೊಂದೇ ವಿಳಂಬಕ್ಕೆ ಕ್ಷಮೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ, ಲಿವಿಂಗ್ ಮೀಡಿಯಾ ಮೊಕದ್ದಮೆಯಲ್ಲಿ, ಕಟುವಾಗಿಯೇ ಹೇಳಿತು. ಆದರೂ ಶಿಕ್ಷಣವೆಲ್ಲ ವಕೀಲರಿಗೇ! ಷರಾ ಬರೆಯಬೇಕಾದ ಗುಮಾಸ್ತನನ್ನು ಅದೇ ಪರದೆಯ ಮುಂದೆ ವಕೀಲರ ಪಕ್ಕದಲ್ಲಿ ಕೂರಿಸುವ ಆಲೋಚನೆ ಯೋಜಕರಿಗೆ ಬಂದಂತಿಲ್ಲ. ಅನವಶ್ಯ ವ್ಯಾಜ್ಯವನ್ನು ತಗ್ಗಿಸಬೇಕೆಂಬ ನೀತಿಯ ಮಾತು ಬಹಳ ದಿನಗಳಿಂದ ಕೇಳಿಬರುತ್ತಿದೆ. ಸರ್ಕಾರಿ ವ್ಯಾಜ್ಯಗಳ ನಿರ್ವಹಣೆಗೆಂದೇ ಕರ್ನಾಟಕವು 2023ರಲ್ಲಿ ಅಧಿನಿಯಮವೊಂದನ್ನು ಮಾಡಿತು. ಆದರೆ ಅನವಶ್ಯ ಯಾವುದೆಂದು ಮೊದಲು ಬಲ್ಲವರು ಆ ಗುಮಾಸ್ತ ಮತ್ತು ತಾಲ್ಲೂಕಿನ ಪ್ಲೀಡರು. ನೀತಿಚರ್ಚೆಯಲ್ಲಿ ಇವರು ಶ್ರೋತೃಗಳು ಮಾತ್ರ.

ಹೊಳಲಿನಲ್ಲಿ ಶೇಷಶಾಯಿಯಾದ ಅನಂತಪದ್ಮನಾಭನ ಭವ್ಯಮೂರ್ತಿಯುಂಟು. ಕೃಷ್ಣದೇವರಾಯನು ಹೊಸಪೇಟೆಯ ಬಳಿ ಅನಂತಶಯನಗುಡಿಯನ್ನು ಕಟ್ಟಿಸಿದುದು ಈ ಮೂರ್ತಿಗಾಗಿಯೇ ಎಂದೂ ದೇವರು ಹೊಳಲನ್ನು ಬಿಟ್ಟು ಬರಲೊಪ್ಪಲಿಲ್ಲವೆಂದೂ ಐತಿಹ್ಯ. ಐತಿಹ್ಯದ ಸತ್ಯಾಸತ್ಯತೆ ಹಾಗಿರಲಿ, ನಮ್ಮ ಆನ್‌ಲೈನ್ ತರಗತಿಗಳನ್ನು ಕಂಡಾಗ ಆ ಬರಿದಾದ ಗುಡಿಯ ನೆನಪು ಬಾರದೆ ಇರದು.

ಒಂದು ಆಕ್ಷೇಪಕ್ಕೆ ಇಲ್ಲಿ ಸಮಾಧಾನ ಹೇಳಬೇಕು. ಪ್ಲೀಡರು ಅವಧಿ ಮುಗಿದೊಡನೆ ಹೋಗುವವರು, ಅವರಿಗೆ ಇಷ್ಟು ಶಿಕ್ಷಣವೇಕೆ ಎನ್ನುವವರುಂಟು. ಉತ್ತರ ಪ್ರದೇಶದ ಸರ್ಕಾರವು ಜಿಲ್ಲೆಗಳ ತನ್ನ ವಕೀಲರೆಲ್ಲರನ್ನೂ ಒಂದೇ ಆಜ್ಞೆಯಿಂದ ತೆಗೆದುಹಾಕಿದಾಗ, ಶ್ರೀಲೇಖಾ ವಿದ್ಯಾರ್ಥಿ ಮೊಕದ್ದಮೆಯ ತೀರ್ಪು ಅದನ್ನು ಸ್ವೇಚ್ಛಾಚಾರವೆಂದು ರದ್ದುಪಡಿಸಿತು. ಆ ಹುದ್ದೆಯಲ್ಲಿ ಸಾರ್ವಜನಿಕ ಅಂಶವಿದೆಯೆಂದು ಸಾರಿತು. ಹುದ್ದೆ ಸಾರ್ವಜನಿಕವಾದರೆ ಅದರಲ್ಲಿ ಗಳಿಸಿದ ಅನುಭವವೂ ಸಾರ್ವಜನಿಕವಾಗಬೇಡವೆ? ಅದನ್ನು ಕೂಡಿಡಲು ಬಲುಯೋಗ್ಯವಾದ ಸಾಧನ ಈ ಅಂತರ್ಜಾಲವೇ. ಅದನ್ನು ನಾವು ಮೇಲಿನಿಂದ ಸುರಿಯುವ ಕೊಳವೆಯನ್ನಾಗಿ ಮಾತ್ರ ಬಳಸುತ್ತಿದ್ದೇವೆ.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ಪ್ಲೀಡರುಗಳೂ ಅಭಿಯೋಜಕರೂ ತಿಂಗಳಿಗೊಮ್ಮೆ ಒಂದು ಗಂಟೆ ಪರದೆಯ ಮುಂದೆ ಸೇರಲಿ. ಆಯಾ ತಾಲ್ಲೂಕು ಕಚೇರಿಯ ಗುಮಾಸ್ತರೂ ಜೊತೆಗಿರಲಿ. ಮಾತನಾಡುವವರು ತಾಲ್ಲೂಕಿನವರೇ ಆಗಲಿ, ಧಾರವಾಡ ಪೀಠದ ಸರ್ಕಾರಿ ವಕೀಲರು ಕೇಳುವವರಾಗಲಿ. ಸರ್ಕಾರವು ಸೋತ ಒಂದು ದಾವೆಯನ್ನು ನೋಟೀಸು ಬಂದ ದಿನದಿಂದ ತೀರ್ಪಿನವರೆಗೆ ಬಿಡಿಸಿ ನೋಡಲಿ: ಷರಾ ಯಾವಾಗ ಬಂತು, ಯಾವ ದಾಖಲೆ ಸಿಕ್ಕಲಿಲ್ಲ, ರೈತನ ಬೇಡಿಕೆಯನ್ನು ಮೊದಲೇ ಒಪ್ಪಬಹುದಾಗಿತ್ತೆ? ಹೊಸ ಪಠ್ಯವನ್ನು ಇದಕ್ಕಾಗಿ ಅನುವಾದ ಮಾಡಿಸಬೇಕಾಗಿಲ್ಲ. ಕಡತವು ಕನ್ನಡದಲ್ಲಿಯೇ ಇದೆ.