ಕಿಣ್ವವನ್ನು ಅಳೆದು ಅರಿಯುವ ಕಸುಬು

ಇ. ಕೋಲೈ ಬ್ಯಾಕ್ಟೀರಿಯಾದ ಎಲ್-ಆಸ್ಪರಾಜಿನೇಸ್ ಕಿಣ್ವವು ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ಒಡೆದು ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯಾ ಮಾಡುತ್ತದೆ. ಇದು ಇಲಿಗಳಲ್ಲಿ ಗಡ್ಡೆಯನ್ನು ತಡೆಯುತ್ತದೆಂದು 1964ರಲ್ಲಿ ಮ್ಯಾಶ್‌ಬರ್ನ್ ಮತ್ತು ರಿಸ್ಟನ್ ತೋರಿಸಿದರು. ಆದರೆ ಅದು ಔಷಧವಾದದ್ದರ ಹಿಂದೆ ಅಳತೆಯ ತಾಳ್ಮೆಯಿದೆ, ನನ್ನ ಮೆಚ್ಚುಗೆ ಅದಕ್ಕೇ. ಕಿಣ್ವ ಮತ್ತು ಆಸ್ಪರಾಜಿನ್ ಬೆರೆಸಿದ ಪ್ರನಾಳಕ್ಕೆ ನೆಸ್ಲರ್ ದ್ರಾವಣ ಹಾಕಿದರೆ ಬಿಡುಗಡೆಯಾದ ಅಮೋನಿಯಾ ಹಳದಿ-ಕಂದು ಬಣ್ಣ ತಳೆಯುತ್ತದೆ. ಬಣ್ಣ ಗಾಢವಾದಷ್ಟೂ ಕಿಣ್ವ ಹೆಚ್ಚು ದುಡಿದಿದೆ ಎಂದರ್ಥ. ಆಸ್ಪರಾಜಿನ್ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಿ ಹೀಗೆ ಅಳೆದಾಗಲೇ ಈ ಬ್ಯಾಕ್ಟೀರಿಯಾದಲ್ಲಿರುವ ಎರಡು ಆಸ್ಪರಾಜಿನೇಸ್‌ಗಳ ಅಂತರ ಬಯಲಾಗುವುದು. ಜೀವಕೋಶದೊಳಗಿನದ್ದಕ್ಕೆ ಮಿಲಿಮೋಲಾರ್ ಮಟ್ಟದ ಆಸ್ಪರಾಜಿನ್ ಬೇಕು. ಹೊರ ಅಂಚಿನದ್ದಕ್ಕೆ ಸುಮಾರು 10 ಮೈಕ್ರೋಮೋಲಾರ್ ಸಾಕು. ರಕ್ತದಲ್ಲಿರುವುದು ಸುಮಾರು 50 ಮೈಕ್ರೋಮೋಲಾರ್ ಮಾತ್ರ. ಹಾಗಾಗಿ ಮೊದಲನೆಯದು ಅಲ್ಲಿ ಹೆಚ್ಚುಕಡಿಮೆ ಸುಮ್ಮನೆ ಕೂರುತ್ತದೆ, ಎರಡನೆಯದು ದುಡಿಯುತ್ತದೆ.

ಜೀನ್ ಓದಿ ಕಂಪ್ಯೂಟರ್ ಎಲ್ಲವನ್ನೂ ಹೇಳುವ ಕಾಲದಲ್ಲಿ ಈ ದುಡಿಮೆ ಏಕೆ ಎಂದು ಕೇಳುವವರಿದ್ದಾರೆ. ಕಿಣ್ವದ ಮನೆತನವನ್ನು, ಆಕಾರವನ್ನು ಕಂಪ್ಯೂಟರ್ ಚೆನ್ನಾಗಿಯೇ ಊಹಿಸುತ್ತದೆ, ಒಪ್ಪುತ್ತೇನೆ. ಆದರೆ ಈ ಎರಡು ಕಿಣ್ವಗಳೂ ಒಂದೇ ಮನೆತನದವು! ಕಿಣ್ವ ಎಷ್ಟು ಆಸ್ಪರಾಜಿನ್‌ಗೆ ಎಚ್ಚೆತ್ತುಕೊಳ್ಳುತ್ತದೆ, ಜೊತೆಗೆ ಗ್ಲುಟಮಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನೂ ಎಷ್ಟು ಒಡೆಯುತ್ತದೆ ಎಂಬುದನ್ನು ನೆಚ್ಚುವಂತೆ ಹೇಳುವುದು ಪ್ರನಾಳವೇ. ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ರಕ್ತ ಕ್ಯಾನ್ಸರ್‌ಗೆ ಇಂದಿಗೂ ಕೊಡುವುದು ಆ ಎರಡನೆಯ ಕಿಣ್ವವನ್ನೇ.